ಅಂಗಳದಲ್ಲಿ ಎಲ್ಲ ಹುಳವೂ ಒಟ್ಟಿಗೇ ಎದ್ದಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಬೇಸಿಗೆಯಲ್ಲಿ ಬಿರಿದ ನೆಲಕ್ಕೆ ಎರಡು ಮಳೆ ಬಿದ್ದರೆ ಸಾಕು, ಅಂಗಳದಲ್ಲಿ ಸಂತೆ ನೆರೆಯುತ್ತದೆ. ಸಂಜೆ ದೀಪ ಹಾಕಿದ ಕೂಡಲೇ ರೆಕ್ಕೆಹುಳಗಳ ರಾಶಿ. ಬೆಳಿಗ್ಗೆ ಬಾಗಿಲ ಬುಡದಲ್ಲಿ ಸಹಸ್ರಪದಿಗಳ ಮೆರವಣಿಗೆ. ದಾಸವಾಳದ ಮೊಗ್ಗಿಗೆ ಇರುವೆ ಸಾಲು, ಸಸಿಗಳ ಎಲೆಯಲ್ಲಿ ತೂತು, ಹುಲ್ಲಿನ ನಡುವೆ ಹಳದಿ ತೇಪೆ, ಸೂರಿನ ಕೆಳಗೆ ಕಣಜದ ಗೂಡು. ನಮ್ಮ ಕೈಯಲ್ಲಿರುವುದು ಒಂದು ಸ್ಪ್ರೇ ಡಬ್ಬಿ ಮತ್ತು ಒಂದು ರಜೆಯ ದಿನ.

ನಾನು ಬಹಳ ಕಾಲ ಮಾಡಿದ ತಪ್ಪೆಂದರೆ ಕಣ್ಣಿಗೆ ಹೆಚ್ಚು ರಾಚುವುದರ ಮೇಲೇ ಮೊದಲು ಬೀಳುವುದು. ಒಂದು ಮಳೆಗಾಲದಲ್ಲಿ ಎರಡು ವಾರ ಸಹಸ್ರಪದಿಗಳ ಹಿಂದೆ ಬಿದ್ದಿದ್ದೆ. ಗುಡಿಸಿದೆ, ಪುಡಿ ಉದುರಿಸಿದೆ, ಹೊಸಿಲಿಗೆ ಮದ್ದಿನ ಗೆರೆ ಎಳೆದೆ. ಅದೇ ಹೊತ್ತಿಗೆ ಹಿತ್ತಲ ಸೌದೆ ರಾಶಿಯ ಹಿಂದೆ ಗೋಡೆಯ ಮೇಲೆ ಬೆರಳಿಗಿಂತ ಸಣ್ಣದೊಂದು ಮಣ್ಣಿನ ಗೆರೆ ಏರುತ್ತಾ ಕಿಟಕಿಯ ಚೌಕಟ್ಟು ಸೇರಿತ್ತು. ಸಹಸ್ರಪದಿಗಳು ಮನೆಯ ಒಂದು ಕಡ್ಡಿಯನ್ನೂ ಕೆಡಿಸಲಿಲ್ಲ. ಗೆದ್ದಲು ಚೌಕಟ್ಟಿನ ಒಳಗನ್ನೆಲ್ಲ ತಿಂದು, ಹೊರಗೆ ಬಣ್ಣದ ಪದರವನ್ನಷ್ಟೇ ಉಳಿಸಿತ್ತು. ಗದ್ದಲ ಮಾಡುವ ಹುಳವೇ ಒಂದು, ಹಾಳು ಮಾಡುವ ಹುಳವೇ ಇನ್ನೊಂದು.

ಹಾಗಾಗಿ ಈ ಬರಹದಲ್ಲಿ ಯಾವ ಹುಳಕ್ಕೆ ಯಾವ ಮದ್ದು ಅನ್ನುವುದಕ್ಕಿಂತ, ಯಾವುದರ ಸರದಿ ಮೊದಲು ಅನ್ನುವುದಕ್ಕೇ ಹೆಚ್ಚು ಜಾಗ.

ಮದ್ದು ಮುಟ್ಟುವ ಮುನ್ನ ಎರಡು ಸುತ್ತು

ಹಗಲಲ್ಲಿ ಒಂದು ಸುತ್ತು, ಕತ್ತಲಾಗಿ ಒಂದೆರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸುತ್ತು ಹಾಕಿ. ರಾತ್ರಿಯ ಸುತ್ತನ್ನು ಬಿಟ್ಟವರೇ ಹೆಚ್ಚು. ಆದರೆ ಎಲೆ ತಿನ್ನುವ ಅರ್ಧಕ್ಕರ್ಧ ಕಳ್ಳರು ಹಗಲಲ್ಲಿ ಸಿಗುವುದೇ ಇಲ್ಲ. ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಏನು, ಎಲ್ಲಿ, ಎಷ್ಟು. ಜೊತೆಗೆ ಮೂರು ವಿಷಯ ಗುರುತು ಹಾಕಿಕೊಳ್ಳಿ. ನೀರು ಎಲ್ಲೆಲ್ಲಿ ನಿಂತಿದೆ, ಮರಮುಟ್ಟು ಎಲ್ಲಿ ಮಣ್ಣಿಗೆ ತಾಗಿದೆ, ಕಸ ಎಲ್ಲಿ ಕೊಳೆಯುತ್ತಿದೆ. ಈ ಮೂರು ಏಕೆ ಎಂಬುದು ಮುಂದೆ ಬರುತ್ತದೆ.

ಚೀಟಿ ಕೈಯಲ್ಲಿದ್ದರೆ ಪ್ರತಿಯೊಂದು ಸಾಲಿನ ಮುಂದೆಯೂ ಈ ಪ್ರಶ್ನೆಗಳನ್ನು ಕೇಳಿ. ಇದು ಮನುಷ್ಯರಿಗೋ ಸಾಕುಪ್ರಾಣಿಗೋ ರೋಗ ತರುತ್ತದೆಯೇ, ಕುಟುಕುತ್ತದೆಯೇ? ಹೌದಾದರೆ ಅದು ಪಟ್ಟಿಯ ತಲೆಗೆ. ಆಗುವ ಹಾನಿ ಮತ್ತೆ ಸರಿಹೋಗುವಂಥದೇ? ಎಲೆ ಹೋದರೆ ಚಿಗುರುತ್ತದೆ, ತೊಲೆ ಹೋದರೆ ಚಿಗುರುವುದಿಲ್ಲ. ಒಂದು ವಾರ ಸುಮ್ಮನೆ ಬಿಟ್ಟರೆ ಇದು ಎಷ್ಟಾಗುತ್ತದೆ? ಕೊನೆಗೆ, ಹವಾಮಾನ ಬದಲಾದರೆ ತಾನೇ ಹೋಗುತ್ತದೆಯೇ? ಈ ಕೊನೆಯ ಪ್ರಶ್ನೆ ಒಂದೇ ಅರ್ಧ ಪಟ್ಟಿಯನ್ನು ಅಳಿಸಿಹಾಕುತ್ತದೆ.

ಸೊಳ್ಳೆ: ಬಹುಪಾಲು ಮನೆಗಳಲ್ಲಿ ಇದೇ ಮೊದಲು

ಸೊಳ್ಳೆ ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ಅದಕ್ಕೇ ಇದು ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ. ಆದರೆ ಮೇಲಿನ ಪ್ರಶ್ನೆಗಳಲ್ಲಿ ಎರಡಕ್ಕೆ ಇದರ ಉತ್ತರ ಜೋರಾದ ಹೌದು. ರೋಗ ಹರಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅಂದರೆ ಈ ರಜೆಯ ದಿನ ಬಿಟ್ಟ ನೀರು ಮುಂದಿನ ರಜೆಯ ಹೊತ್ತಿಗೆ ರೆಕ್ಕೆ ಕಟ್ಟಿಕೊಂಡು ಬರುತ್ತದೆ.

ಮೂಲ ಎಲ್ಲಿದೆ ಎಂದು ಪತ್ತೆ ಮಾಡಲು ಕಚ್ಚುವ ಹೊತ್ತನ್ನು ಗಮನಿಸಿ. ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಇಳಿಹೊತ್ತಿಗೆ, ಪಾದದ ಗಂಟಿನ ಸುತ್ತ ಕಚ್ಚುವುದು, ಮೈಮೇಲೆ ಬಿಳಿ ಪಟ್ಟೆಯ ಕಪ್ಪು ಸೊಳ್ಳೆಯಾದರೆ ಅದು ಈಡಿಸ್. ಡೆಂಗಿ ಹರಡುವುದು ಇದೇ. ಇದು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಒಂದಿನ್ನೂರು ಮೀಟರಿನ ಆಚೆ ಹೋಗುವುದಿಲ್ಲ. ಹಾಗಾಗಿ ಅದು ಹುಟ್ಟಿದ ಪಾತ್ರೆ ನಿಮ್ಮದೇ ಅಂಗಳದಲ್ಲಿರಬೇಕು, ಇಲ್ಲವೇ ಪಕ್ಕದವರದ್ದರಲ್ಲಿ. ರಾತ್ರಿ ಗುಂಯ್ಗುಡುವ ಕಂದು ಸೊಳ್ಳೆಯಾದರೆ ಕ್ಯೂಲೆಕ್ಸ್ ಇರಬಹುದು. ಆಗ ಚರಂಡಿ, ಬಚ್ಚಲ ನೀರಿನ ಗುಂಡಿ, ಕೊಳೆತ ನೀರಿನ ಕಡೆ ನೋಡಿ.

ಪರೀಕ್ಷೆ ಸುಲಭ. ಅನುಮಾನದ ನೀರನ್ನು ಬಿಳಿ ಬಟ್ಟಲಿಗೆ ಹಾಕಿ ಬೆಳಕಿಗೆ ಹಿಡಿಯಿರಿ. ಮೇಲೆ ಕೈ ಅಡ್ಡ ಹಿಡಿದು ನೆರಳು ಬೀಳಿಸಿದರೆ ಮರಿಗಳು ನುಲಿಯುತ್ತಾ ತಳಕ್ಕಿಳಿಯುತ್ತವೆ, ಒಂದಿಷ್ಟು ಹೊತ್ತಿಗೆ ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಕುಂಡದ ಕೆಳಗಿನ ತಟ್ಟೆ, ಹಳೆ ಟೈರು ಎಲ್ಲರಿಗೂ ಗೊತ್ತು. ನನಗೆ ಕೈಕೊಟ್ಟಿದ್ದು ಬೇರೆ ಜಾಗಗಳು: ಎಲೆ ಕಟ್ಟಿಕೊಂಡ ಸೂರಿನ ದೋಣಿ, ಟಾರ್ಪಾಲಿನ ಮಡಿಕೆ, ಬಾಯಿ ಮುಚ್ಚದ ಟೊಳ್ಳು ಕಬ್ಬಿಣದ ಕಂಬ, ಮಕ್ಕಳು ಮರೆತ ಆಟದ ಬಕೆಟ್ಟು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈಡಿಸ್ ತನ್ನ ಮೊಟ್ಟೆಯನ್ನು ನೀರಿನ ಮಟ್ಟದ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಚೆಲ್ಲಿ ಕೆಲಸ ಮುಗಿಯಿತು ಅಂದುಕೊಂಡರೆ, ಮುಂದಿನ ಮಳೆಗೆ ಅದೇ ಪಾತ್ರೆಯಲ್ಲಿ ಮರಿ ಒಡೆಯುತ್ತದೆ. ಚೆಲ್ಲಿದ ಮೇಲೆ ಒಳಗೋಡೆಯನ್ನು ಒರಟು ಬ್ರಷ್ಷಿನಿಂದ ತಿಕ್ಕಬೇಕು. ವಾರಕ್ಕೊಮ್ಮೆ, ತಪ್ಪದೆ. ಚೆಲ್ಲಲಾಗದ ನೀರಿಗೆ, ಅಂದರೆ ಕೊಳಕ್ಕೋ ತೊಟ್ಟಿಗೋ, ಗಪ್ಪಿ ಮೀನು ಇಲ್ಲವೇ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ. ಅದು ಸೊಳ್ಳೆ ಮರಿಯನ್ನು ಕೊಲ್ಲುತ್ತದೆ, ಮೀನಿಗೂ ನಾಯಿಗೂ ತೊಂದರೆ ಕೊಡುವುದಿಲ್ಲ. ಹೊಗೆ ಹಾಕುವುದು ಆ ಗಳಿಗೆಯಲ್ಲಿ ಹಾರಾಡುತ್ತಿರುವ ಸೊಳ್ಳೆಗಷ್ಟೇ ಲೆಕ್ಕ. ನೀರಿನಲ್ಲಿರುವ ಮರಿಗೆ ಅದರ ಸುದ್ದಿಯೇ ಇಲ್ಲ.

ಇಲಿ, ಹೆಗ್ಗಣ

ನೆಲದಲ್ಲಿ ಬಿಲ ಕಂಡರೆ ಅದು ವಾಸವಿರುವ ಬಿಲವೇ ಎಂದು ಮೊದಲು ನೋಡಿ. ಬಾಯಿಗೆ ಕಾಗದದ ಉಂಡೆ ತುರುಕಿ ಮೇಲೆ ಸಡಿಲ ಮಣ್ಣು ಹಾಕಿ. ಮರುದಿನ ಬೆಳಿಗ್ಗೆ ಉಂಡೆ ಹೊರಗೆ ಬಿದ್ದಿದ್ದರೆ ಒಳಗೆ ಯಜಮಾನರಿದ್ದಾರೆ. ಹಿಕ್ಕೆ ಕಪ್ಪಗೆ, ಮೆತ್ತಗೆ ಇದ್ದರೆ ಹೊಸದು. ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುವಂತಿದ್ದರೆ ಹಳೆಯದು. ಬರಿಗೈಯಲ್ಲಿ ಮುಟ್ಟಿ ನೋಡಬೇಡಿ, ಕಡ್ಡಿ ಬಳಸಿ.

ಮಳೆಗಾಲದಲ್ಲಿ ಇಲಿಯ ಸರದಿ ಮೇಲಕ್ಕೇರುವುದು ಅದು ಕಡಿಯುವ ವಸ್ತುಗಳಿಂದಲ್ಲ, ಅದರ ಮೂತ್ರದಿಂದ. ಇಲಿ ಜ್ವರದ ಬ್ಯಾಕ್ಟೀರಿಯಾ ಕೆಸರಿನಲ್ಲಿ, ನಿಂತ ನೀರಿನಲ್ಲಿ ಸೇರಿ ಕಾಲಿನ ಸಣ್ಣ ಗಾಯದ ಮೂಲಕವೂ ಮೈಯೊಳಗೆ ಹೋಗುತ್ತದೆ. ಹೊಸ ಹಿಕ್ಕೆ ಕಂಡ ಅಂಗಳದಲ್ಲಿ ಬರಿಗಾಲಲ್ಲಿ ಕೆಸರು ತುಳಿಯುವುದು ಬೇಡ. ಮೊದಲು ಆಹಾರ ಕತ್ತರಿಸಿ: ಉದುರಿದ ಹಣ್ಣು, ಮುಚ್ಚಳವಿಲ್ಲದ ಕಸದ ಡಬ್ಬಿ, ನಾಯಿಗೆ ಹಾಕಿ ರಾತ್ರಿಯಿಡೀ ಬಿಟ್ಟ ತಟ್ಟೆ. ಆಮೇಲೆ ಬೋನು. ಮನೆಗೆ ನುಗ್ಗದಂತೆ ಮಾಡಲು ಗೋಡೆಯ ಸಂದುಗಳನ್ನೂ ನೋಡಿ. ಇಲಿಗೆ 12 ಮಿಲಿಮೀಟರ್ ಸಂದು ಸಾಕು, ಸುಂಡಿಲಿಗೆ ಅದರ ಅರ್ಧ. ವಿಷದ ಬಗ್ಗೆ ನನಗೆ ಒಲವಿಲ್ಲ. ವಿಷ ತಿಂದು ತೂರಾಡುವ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಆ ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ.

ಕಣಜ, ಜೇನು, ಉಣ್ಣೆ

ಕಣಜದ ಸರದಿಯನ್ನು ನಿರ್ಧರಿಸುವುದು ಗೂಡು ಇರುವ ಜಾಗ. ಬಾಗಿಲ ಮೇಲೆ, ನಡೆದಾಡುವ ದಾರಿಯಲ್ಲಿ, ಮಕ್ಕಳ ಕೈಗೆಟುಕುವಲ್ಲಿ ಇದ್ದರೆ ಸೊಳ್ಳೆಗಿಂತಲೂ ಮೊದಲು. ಮನೆಯಲ್ಲಿ ಯಾರಿಗಾದರೂ ಹಿಂದೆ ಕುಟುಕಿಸಿಕೊಂಡು ಮೈ ಊದಿದ, ಉಸಿರು ಕಟ್ಟಿದ ಅನುಭವವಿದ್ದರೆ ಚರ್ಚೆಯೇ ಬೇಡ, ತಿಳಿದವರನ್ನು ಕರೆಸಿ ತೆಗೆಸಿ. ಹಿತ್ತಲ ಕೊನೆಯ ಮರದ ತುದಿಯಲ್ಲಿದ್ದರೆ ಬಿಟ್ಟುಬಿಡಿ. ಕಣಜ ತನ್ನ ಮರಿಗಳಿಗೆ ಉಣಿಸುವುದು ನಿಮ್ಮ ಗಿಡದ ಕಂಬಳಿಹುಳಗಳನ್ನೇ. ಕೊಂಬೆಗೆ ಗೊಂಚಲಿನಂತೆ ಬಂದು ಕೂತ ಜೇನು ಹಲವು ಸಲ ದಣಿವಾರಿಸಿಕೊಳ್ಳಲು ನಿಂತ ಹಿಂಡು. ಒಂದೆರಡು ದಿನದಲ್ಲಿ ತಾನೇ ಎದ್ದು ಹೋಗುತ್ತದೆ. ಅದಕ್ಕೆ ಮದ್ದು ಸಿಂಪಡಿಸುವುದು ಅನ್ಯಾಯ, ಅಪಾಯ ಕೂಡ.

ನಾಯಿಯ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಕಂಡಿತೇ? ಎತ್ತರದ ಹುಲ್ಲನ್ನು ಅಂದೇ ಕತ್ತರಿಸಿ. ಮನುಷ್ಯರ ಮೈಗೆ ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಸುಡುವುದು, ಎಣ್ಣೆ ಹಚ್ಚುವುದು ಬೇಡ.

ರೆಕ್ಕೆಹುಳ ಬಂದ ರಾತ್ರಿ

ಮಳೆಯ ಮರುದಿನ ದೀಪಕ್ಕೆ ಮುಗಿಬೀಳುವ ಈಚಲು ಹುಳಗಳನ್ನು ಕಂಡು ಮನೆಗೇ ಗೆದ್ದಲು ಹಿಡಿಯಿತೆಂದು ಹೆದರುವವರಿದ್ದಾರೆ. ಹೊರಗಿನ ದೀಪಕ್ಕೆ ಬಂದವು ಸುತ್ತಮುತ್ತಲ ಹುತ್ತಗಳಿಂದ ಹಾರಿ ಬಂದವು. ಹಕ್ಕಿ, ಹಲ್ಲಿ, ಕಪ್ಪೆಗಳ ಪಾಲಾಗಿ ಹೆಚ್ಚಿನವು ಬೆಳಗಾಗುವುದರೊಳಗೆ ಮುಗಿದಿರುತ್ತವೆ. ದೀಪ ಆರಿಸಿದರೆ ಆಯಿತು. ಆದರೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯೊಳಗೆ, ಕಿಟಕಿಯ ಪಡಿಯ ಮೇಲೆ ಉದುರಿದ ರೆಕ್ಕೆಗಳ ರಾಶಿ ಸಿಕ್ಕರೆ ಅದು ಬೇರೆ ಕಥೆ. ಅವು ಒಳಗಿನಿಂದಲೇ ಎದ್ದಿರಬಹುದು.

ಬಂದದ್ದು ಗೆದ್ದಲೋ ರೆಕ್ಕೆಯ ಇರುವೆಯೋ ಎಂದು ತಿಳಿಯಲು ಒಂದನ್ನು ಹಿಡಿದು ನೋಡಿ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ನೆಟ್ಟಗೆ. ಇರುವೆಗೆ ಮುಂದಿನ ರೆಕ್ಕೆ ಉದ್ದ, ಸೊಂಟ ಚಿಕ್ಕದು, ಮೀಸೆ ಮೊಣಕೈಯಂತೆ ಬಾಗಿರುತ್ತದೆ.

ಆಮೇಲೆ ಗೋಡೆ, ಅಡಿಪಾಯ, ಕಂಬದ ಬುಡಗಳನ್ನು ನೋಡಿ. ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಸಿಕ್ಕರೆ ನಡುವೆ ಎರಡು ಮೂರು ಸೆಂಟಿಮೀಟರ್ ಒಡೆದು ಬಿಡಿ. ಮೂರು ನಾಲ್ಕು ದಿನದಲ್ಲಿ ಮುರಿದದ್ದನ್ನು ಮತ್ತೆ ಕಟ್ಟಿದ್ದರೆ ಒಳಗೆ ಓಡಾಟ ಇದೆ. ಕಟ್ಟದಿದ್ದರೆ ಇಲ್ಲ ಎಂದು ನಿರಾಳವಾಗಬೇಡಿ, ಬೇರೆ ದಾರಿ ಹಿಡಿದಿರಲೂಬಹುದು. ಹತ್ತಿರದ ಮರವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ತುದಿಯಿಂದ ಮೆಲ್ಲಗೆ ಚುಚ್ಚಿ ನೋಡಿ.

ಗೆದ್ದಲು ಸರದಿಯ ಲೆಕ್ಕವನ್ನು ಸ್ವಲ್ಪ ಗೊಂದಲಗೊಳಿಸುತ್ತದೆ. ಹಾನಿ ಸರಿಹೋಗುವಂಥದಲ್ಲ, ಆದರೆ ವೇಗ ಕಡಿಮೆ. ಹಾಗಾಗಿ ತಪಾಸಣೆ ಇವತ್ತೇ, ಚಿಕಿತ್ಸೆ ಒಂದೆರಡು ವಾರದಲ್ಲಾದರೂ ನಡೆಯುತ್ತದೆ. ಅವಸರದಲ್ಲಿ ಕೊಳವೆಗೆ ಸ್ಪ್ರೇ ಹೊಡೆಯುವುದು ಅತಿ ಕೆಟ್ಟ ಉಪಾಯ. ಕೊಳವೆಯಲ್ಲಿದ್ದ ನೂರು ಸಾಯುತ್ತವೆ, ಗೂಡು ಹಾಗೇ ಇರುತ್ತದೆ, ಉಳಿದವು ನಿಮಗೆ ಕಾಣದ ಜಾಗದಲ್ಲಿ ಹೊಸ ದಾರಿ ಮಾಡಿಕೊಳ್ಳುತ್ತವೆ. ಅಡಿಪಾಯದ ಸುತ್ತ ಮಣ್ಣಿಗೆ ಮದ್ದು ಇಳಿಸುವ ಕೆಲಸ ಬಲ್ಲವರಿಗೆ ಬಿಟ್ಟದ್ದು. ಅವರು ಬರುವತನಕ ಕೊಳವೆಯನ್ನು ಅಳಿಸಬೇಡಿ, ಅವರಿಗೆ ಅದೇ ನಕ್ಷೆ. ನೀವು ಮಾಡಬಹುದಾದ್ದು ಸೌದೆಯನ್ನು ಗೋಡೆಯಿಂದ ದೂರಕ್ಕೆ, ನೆಲದಿಂದ ಮೇಲಕ್ಕೆ ಇಡುವುದು, ಗೋಡೆ ಬುಡಕ್ಕೆ ನೀರು ಸೋರುವುದನ್ನು ನಿಲ್ಲಿಸುವುದು.

ಗಿಡದ ಮೇಲೆ ಇರುವೆ ಸಾಲು: ಇರುವೆ ರೋಗವಲ್ಲ, ಲಕ್ಷಣ

ಸಾಲಿನ ಹಿಂದೆ ಕಣ್ಣು ಹಾಯಿಸಿ. ಚಿಗುರಿನ ಎಲೆಯಡಿಯಲ್ಲಿ ಗಿಡಹೇನುಗಳೋ ಬಿಳಿ ಹತ್ತಿಯಂಥ ಹಿಟ್ಟು ತಿಗಣೆಯೋ ಸಿಗುತ್ತವೆ. ಅವು ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತವೆ. ಇರುವೆಗೆ ಬೇಕಾದ್ದು ಅದು. ಅದಕ್ಕಾಗಿ ಅವುಗಳನ್ನು ಹಸು ಕಾದಂತೆ ಕಾಯುತ್ತದೆ, ಶತ್ರುಗಳನ್ನು ಓಡಿಸುತ್ತದೆ. ಅಂಟಿನ ಮೇಲೆ ಕಾಡಿಗೆ ಬಳಿದಂಥ ಬೂಷ್ಟು ಬೆಳೆಯುತ್ತದೆ. ಇರುವೆಯನ್ನು ಮಾತ್ರ ಕೊಂದು ಕೂತರೆ ನಾಳೆ ಮತ್ತೊಂದು ಸಾಲು.

ಗಿಡಹೇನಿಗೆ ಗಂಡಿನ ಹಂಗೇ ಇಲ್ಲ. ಬೆಚ್ಚಗಿನ ಕಾಲದಲ್ಲಿ ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಒಂದು ವಾರ ಹತ್ತು ದಿನದಲ್ಲಿ ತಾನೂ ತಾಯಿ. ಹಾಗಾಗಿ ನಾಲ್ಕು ಚಿಗುರಿನಲ್ಲಿ ಇರುವಾಗಲೇ ಪೈಪಿನ ನೀರನ್ನು ಜೋರಾಗಿ ಎಲೆಯಡಿಗೆ ಹೊಡೆದು ಉದುರಿಸುವುದು ಒಳ್ಳೆಯದು. ಸಾಲದಿದ್ದರೆ ಲೀಟರ್ ನೀರಿಗೆ ಒಂದು ಚಿಕ್ಕ ಚಮಚೆ, ಅಂದರೆ 5 ಮಿಲಿಲೀಟರ್, ಸೌಮ್ಯವಾದ ದ್ರವ ಸೋಪು ಕಲಸಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ಮೊದಲು ಒಂದು ಕೊಂಬೆಗೆ ಹಾಕಿ ಮರುದಿನ ಎಲೆ ಸುಟ್ಟಿಲ್ಲವೆಂದು ನೋಡಿಕೊಳ್ಳಿ. ಸಾರಜನಕದ ಗೊಬ್ಬರ ಅತಿಯಾಗಿ ಹಾಕಿದ್ದರೆ ನಿಲ್ಲಿಸಿ. ಮೆತ್ತನೆ ಚಿಗುರು ಹೆಚ್ಚಿದಷ್ಟೂ ಹೇನಿಗೆ ಹಬ್ಬ.

ಸಿಂಪಡಿಸುವ ಮುನ್ನ ಇನ್ನೊಂದು ಸಲ ನೋಡಿ. ಹೇನುಗಳ ನಡುವೆ ಪುಟಾಣಿ ಮೊಸಳೆಯಂಥ, ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಹುಳ ಓಡಾಡುತ್ತಿದೆಯೇ? ಅದು ಗುಲಗಂಜಿ ಹುಳುವಿನ ಮರಿ, ಹೇನು ತಿಂದೇ ಬೆಳೆಯುವುದು. ಎಷ್ಟೋ ಜನ ಅದನ್ನೇ ಕೀಟವೆಂದು ಹೊಸಕುತ್ತಾರೆ. ನಾನೂ ಹೊಸಕಿದ್ದೇನೆ. ಅವು ನಾಲ್ಕಾರು ಕಂಡರೆ ಈ ಸಾಲನ್ನು ಪಟ್ಟಿಯ ಕೆಳಕ್ಕೆ ತಳ್ಳಿ.

ಬೇಸಿಗೆಯಲ್ಲಿ ಎಲೆ ಮಂಕಾಗಿ, ಮೇಲೆಲ್ಲ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ನುಸಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ. ಉದುರಿದ ಧೂಳಿನಲ್ಲಿ ಕೆಲವು ಕಣ ನಡೆಯತೊಡಗಿದರೆ ಅನುಮಾನವಿಲ್ಲ. ಇದಕ್ಕೆ ಸಾಮಾನ್ಯ ಕೀಟನಾಶಕ ಹೊಡೆದರೆ ನುಸಿ ತಿನ್ನುವ ಜೀವಿಗಳು ಸತ್ತು ನುಸಿ ಇನ್ನಷ್ಟು ಉಕ್ಕುತ್ತದೆ. ಎಲೆಯಡಿ ನೀರು ಹೊಡೆಯುತ್ತಿರಿ. ಮಳೆ ಹಿಡಿದರೆ ಅದೂ ಇಳಿಯುತ್ತದೆ.

ಎಲೆಯಲ್ಲಿ ತೂತು, ಹುಲ್ಲಿನಲ್ಲಿ ತೇಪೆ

ಬೆಳ್ಳಿಯಂತೆ ಮಿನುಗುವ ಲೋಳೆಯ ಜಾಡು ಇದ್ದರೆ ಬಸವನಹುಳ. ಎಲೆಯ ಮೇಲೆ ಕರಿ ಗುಳಿಗೆಯಂಥ ಹಿಕ್ಕೆ ಇದ್ದರೆ ಕಂಬಳಿಹುಳ. ಎಲೆಯಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರ ಮಾತ್ರ ಇದ್ದರೆ ಎಲೆ ಕತ್ತರಿಸುವ ಜೇನು, ಗೂಡಿಗೆ ಹಾಸಲು ಒಯ್ದಿದೆ. ಅದನ್ನು ಪಟ್ಟಿಯಿಂದಲೇ ಹೊಡೆದುಹಾಕಿ. ಬೆಳೆದ ಗಿಡಕ್ಕೆ ನಾಲ್ಕು ತೂತು ಲೆಕ್ಕಕ್ಕಿಲ್ಲ, ಸಸಿಯಾದರೆ ಒಂದೇ ರಾತ್ರಿಯಲ್ಲಿ ಬರೀ ಕಡ್ಡಿ. ಸಸಿ ಇರುವ ಮಡಿಗೆ ಮಾತ್ರ ಸರದಿ ಮೇಲೆ. ಬಸವನಹುಳವನ್ನು ರಾತ್ರಿ ಟಾರ್ಚ್ ಹಿಡಿದು ಕೈಗವಸು ಹಾಕಿಯೇ ಆರಿಸಿ. ಅದರ ಮೈಯಲ್ಲಿ ಮನುಷ್ಯರಿಗೆ ಹತ್ತುವ ಪರೋಪಜೀವಿ ಇರಬಹುದು. ಉಪ್ಪು ಸುರಿದರೆ ಮಣ್ಣೂ ಹಾಳು. ಗುಳಿಗೆ ಹಾಕುವುದಾದರೆ ಐರನ್ ಫಾಸ್ಫೇಟ್ ಇರುವುದನ್ನು ಆರಿಸಿ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೆ ಪ್ರಾಣಾಪಾಯ.

ಹಳದಿ ತೇಪೆಯ ಅಂಚಿನ ಹುಲ್ಲನ್ನು ಹಿಡಿದು ಎಳೆಯಿರಿ. ಚಾಪೆಯಂತೆ ಸುರುಳಿಯಾಗಿ ಎದ್ದು ಬಂದರೆ ಬೇರು ತಿಂದದ್ದು ಗೊಣ್ಣೆಹುಳು. ಒಂದಡಿ ಚೌಕದಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಆರೋಗ್ಯವಾದ ಹುಲ್ಲು ತಾಳಿಕೊಳ್ಳುತ್ತದೆ. ಹುಲ್ಲು ಗಟ್ಟಿಯಾಗಿ ನಿಂತಿದ್ದರೆ ಹುಳ ಹುಡುಕಬೇಡಿ. ನಾಯಿಯ ಮೂತ್ರ, ನೀರಿನ ಕೊರತೆ, ಬೂಷ್ಟು ರೋಗ, ಇವುಗಳ ಕಡೆ ನೋಡಿ.

ಸಹಸ್ರಪದಿ? ಕೊಳೆತ ಎಲೆ ತಿನ್ನುತ್ತದೆ, ಕಚ್ಚುವುದಿಲ್ಲ, ತೇವ ಆರಿದರೆ ಕಾಣೆಯಾಗುತ್ತದೆ. ಬಾಗಿಲಡಿಯ ಸಂದು ಮುಚ್ಚಿ, ಗುಡಿಸಿ ಹೊರಗೆ ಹಾಕಿ.

ಎರಡು ಮೂರು ಒಟ್ಟಿಗೇ ಮೊದಲ ಜಾಗಕ್ಕೆ ಬಂದರೆ

ಆಗ ಚೀಟಿಯಲ್ಲಿ ಬರೆದ ನೀರು, ಮರ, ಕಸದ ಜಾಗಗಳನ್ನು ನೋಡಿ. ನಮ್ಮ ಹಿತ್ತಲಿನಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಕೆಳಗಿನ ಹಳ್ಳದಲ್ಲಿ ಸೊಳ್ಳೆ ಮರಿ, ಪಕ್ಕದ ಒದ್ದೆ ಎಲೆಗಳಡಿ ಸಹಸ್ರಪದಿ ಮತ್ತು ಬಸವನಹುಳ, ಎರಡಡಿ ಆಚೆ ತೇವ ಹೀರಿದ ಗೋಡೆಯ ಮೇಲೆ ಗೆದ್ದಲಿನ ಗೆರೆ. ನಾನು ನಾಲ್ಕು ಶತ್ರುಗಳೆಂದು ಎಣಿಸಿದ್ದೆ. ನಲ್ಲಿಯ ಒಳಗಿನ ವಾಷರ್ ಬದಲಿಸಿ, ಹಳ್ಳ ಮುಚ್ಚಿ, ಎಲೆ ಗುಡಿಸಿದ ಮೇಲೆ ನಿಜವಾಗಿ ಚಿಕಿತ್ಸೆ ಬೇಕಾದದ್ದು ಗೆದ್ದಲಿಗೊಂದೇ. ಸಮಬಲದ ಎರಡು ಸಮಸ್ಯೆ ಎದುರಾದರೆ, ಒಂದೇ ಕೆಲಸದಿಂದ ಹೆಚ್ಚು ಸಾಲುಗಳು ಅಳಿಯುವುದನ್ನು ಮೊದಲು ಮಾಡುತ್ತೇನೆ. ಇಷ್ಟಕ್ಕೂ ವಾಷರ್ ಬದಲಿಸಲು ಹಿಡಿದದ್ದು ಕಾಲು ಗಂಟೆ.

ಮಾಡಿದ್ದು ಹತ್ತಿತೇ?

ಒಂದು ಹೊತ್ತಿಗೆ ಒಂದೇ ಉಪಾಯ ಮಾಡಿ. ಎರಡು ಮದ್ದು ಬೆರೆಸಿದರೆ ಅಪಾಯ, ಮೇಲಾಗಿ ಯಾವುದು ಕೆಲಸ ಮಾಡಿತೆಂದು ಗೊತ್ತೇ ಆಗುವುದಿಲ್ಲ. ಬಿಲವನ್ನು ಮರುದಿನ, ಗಿಡಹೇನನ್ನು ಮೂರನೆಯ ದಿನ ಮತ್ತು ಮತ್ತೆ ವಾರದ ಮೇಲೆ, ಗೆದ್ದಲಿನ ಕೊಳವೆಯನ್ನು ನಾಲ್ಕನೆಯ ದಿನ ನೋಡಿ. ಸೊಳ್ಳೆಗೆ ಹತ್ತು ದಿನ ಕೊಡಿ, ಏಕೆಂದರೆ ಮೊದಲೇ ಹುಟ್ಟಿದ ಸೊಳ್ಳೆಗಳು ಇನ್ನೂ ಹಾರಾಡುತ್ತಿರುತ್ತವೆ. ಹತ್ತು ದಿನದ ಮೇಲೂ ಹಗಲು ಹೊತ್ತಿನ ಕಡಿತ ಕಡಿಮೆಯಾಗದಿದ್ದರೆ ನೋಡದ ಪಾತ್ರೆ ಇನ್ನೊಂದಿದೆ. ಏಣಿ ಹಾಕಿ ಸೂರಿನ ದೋಣಿ ನೋಡಿ, ಪಕ್ಕದ ಮನೆಯವರನ್ನೂ ಮಾತಾಡಿಸಿ. ಮದ್ದು ಹಾಕಿಯೂ ಏನೂ ಬದಲಾಗದಿದ್ದರೆ ಪ್ರಮಾಣ ಹೆಚ್ಚಿಸುವ ಮುನ್ನ ಗುರುತು ಹಿಡಿದದ್ದು ಸರಿಯೇ ಎಂದು ಮತ್ತೆ ಟಾರ್ಚ್ ಹಿಡಿದು ಹೊರಡಿ. ನನ್ನ ಲೆಕ್ಕದಲ್ಲಿ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತಿತ್ತು.

ನಲ್ಲಿ ಸರಿಹೋದ ಮೇಲೂ ಮೊದಲ ಮಳೆಗೆ ನಾಲ್ಕಾರು ಸಹಸ್ರಪದಿಗಳು ಹೊಸಿಲ ತನಕ ಬಂದೇ ಬರುತ್ತವೆ. ಪೊರಕೆ ಬಾಗಿಲ ಹಿಂದೆಯೇ ಇದೆ.